ಚಮಚ ಓರೆ ಮಾಡಿದರೂ ಸರಿ ಜಾರಬಾರದು

ಆರು ತಿಂಗಳು ತುಂಬಿದ ಕೂಸಿಗೆ ಏನು ತಿನ್ನಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. ಅದು ಎಷ್ಟು ಗಟ್ಟಿ ಇರಬೇಕು ಅಂತ ಕೇಳುವವರು ಕಡಿಮೆ. ನಮ್ಮ ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲಿ ರಾಗಿ ಇದೆ, ಜೋಳ ಇದೆ, ಭದ್ರಾ ನಾಲೆಯ ನೀರುಂಡ ಗದ್ದೆಯ ಅಕ್ಕಿ ಇದೆ, ಚಳ್ಳಕೆರೆ ಕಡೆಯ ಶೇಂಗಾ ಇದೆ. ಇಷ್ಟಿದ್ದೂ ಎಂಟೊಂಬತ್ತು ತಿಂಗಳ ಹೊತ್ತಿಗೆ ಕೆಲವು ಮಕ್ಕಳ ತೂಕ ನಿಂತುಬಿಡುತ್ತದೆ. ಆಗ ಟಾನಿಕ್ ಹುಡುಕುವ ಮೊದಲು ಕೂಸಿನ ಬಟ್ಟಲು ನೋಡಬೇಕು.

ಸಣ್ಣ ಮಕ್ಕಳ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಯುವುದು ತೂಕದ ಕೆಜಿಗೆ ಸುಮಾರು 30 ಮಿಲಿಲೀಟರ್. ಏಳು ಕೆಜಿಯ ಕೂಸಿಗೆ 200 ಮಿಲಿಲೀಟರ್ ಹೋದರೆ ಹೊಟ್ಟೆ ತುಂಬಿತು. ಆ ಜಾಗಕ್ಕೆ ಒಂದು ಸಣ್ಣ ಚಮಚ ಹಿಟ್ಟು ಕದಡಿದ ತೆಳು ಗಂಜಿ ಹೋದರೆ ಸಿಗುವುದು ಹತ್ತು ಕ್ಯಾಲೊರಿ. ಅಷ್ಟೇ ನೀರಿಗೆ ಎರಡು ದೊಡ್ಡ ಚಮಚ ಹಿಟ್ಟು ಹಾಕಿ, ಬೇಯಿಸಿ, ಮೇಲೆ ಒಂದು ಸಣ್ಣ ಚಮಚ ತುಪ್ಪ ಬಿಟ್ಟರೆ ಸುಮಾರು ನೂರು. ಎರಡರಲ್ಲೂ ಕೂಸು ತೇಗುತ್ತದೆ, ಎರಡರಲ್ಲೂ ಮಲಗುತ್ತದೆ. ಬೆಳೆಯುವುದು ಎರಡನೆಯದರಲ್ಲಿ. ಆರರಿಂದ ಎಂಟು ತಿಂಗಳವರೆಗೆ ಎದೆಹಾಲಿನ ಜೊತೆಗೆ ಊಟದಿಂದ ದಿನಕ್ಕೆ ಬೇಕಾದದ್ದು ಸುಮಾರು 200 ಕ್ಯಾಲೊರಿ, ಒಂಬತ್ತರಿಂದ ಹನ್ನೊಂದರವರೆಗೆ 300, ವರ್ಷ ದಾಟಿದ ಮೇಲೆ 550. ಗಟ್ಟಿಯಾಗಿದ್ದರೆ ಮೊದಲ ಲೆಕ್ಕ ಎರಡೇ ಬಟ್ಟಲಿಗೆ ಮುಗಿಯುತ್ತದೆ. ತೆಳುವಾಗಿದ್ದರೆ ದಿನವಿಡೀ ತಿನ್ನಿಸಿದರೂ ಮುಗಿಯುವುದಿಲ್ಲ.

ಗಟ್ಟಿ ಅಂದರೆ ಎಷ್ಟು? ಸರಿಯನ್ನು, ಅಂದರೆ ಹಿಟ್ಟು ಬೇಯಿಸಿ ಮಾಡಿದ ಕೂಸಿನ ಗಂಜಿಯನ್ನು, ಚಮಚದಲ್ಲಿ ತೆಗೆದು ಓರೆ ಮಾಡಿ ನೋಡಿ. ಸುರಿದು ಹೋದರೆ ತೆಳು. ಚಮಚಕ್ಕೆ ಕಚ್ಚಿಕೊಂಡು ನಿಧಾನಕ್ಕೆ ಜರುಗಿದರೆ ಸರಿಯಾಗಿದೆ. ಹಾಲಿನ ಬಾಟಲಿಯ ನಿಪ್ಪಲ್ ತೂತು ದೊಡ್ಡದು ಮಾಡಿ ಅದರಲ್ಲಿ ಸರಿ ಕುಡಿಸುವುದನ್ನು ಖಂಡಿತ ಬಿಡಬೇಕು. ಬಾಟಲಿಯಲ್ಲಿ ಹೋಗುವಷ್ಟು ತೆಳುವಾದದ್ದು ಊಟವಲ್ಲ, ಅದರ ಸಂದುಗಳಲ್ಲಿ ಉಳಿಯುವ ಸರಿ ನಮ್ಮ ಸೆಕೆಗೆ ಬೇಗ ಹುಳಿಯುತ್ತದೆ.

ರಾಗಿ ಸರಿ ಹಿಟ್ಟನ್ನು ಮನೆಯಲ್ಲೇ ಮಾಡುವವರಿಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೆಡುವುದು ಸಣ್ಣ ಸಣ್ಣ ಕಡೆ. 750 ಗ್ರಾಂ ರಾಗಿಗೆ 250 ಗ್ರಾಂ ಹೆಸರುಬೇಳೆ ಒಳ್ಳೆಯ ಅಳತೆ. ರಾಗಿಯಲ್ಲಿ ಸುಣ್ಣದಂಶ ಧಾರಾಳ, 100 ಗ್ರಾಂನಲ್ಲಿ 360 ಮಿಲಿಗ್ರಾಂ ಆಸುಪಾಸು. ಆದರೆ ಪ್ರೋಟೀನ್ ಏಳು ಗ್ರಾಂ ಮಾತ್ರ. ಬೇಳೆ ಆ ಕೊರತೆ ತುಂಬುತ್ತದೆ. ಕಣದಲ್ಲೋ ಡಾಂಬರು ರಸ್ತೆಯಲ್ಲೋ ಒಕ್ಕಿದ ರಾಗಿಯಲ್ಲಿ ಕಾಳಿನಷ್ಟೇ ದಪ್ಪದ ಹರಳು ಇರುತ್ತದೆ, ಅದು ಜರಡಿಗೆ ಸಿಗುವುದಿಲ್ಲ. ಅಗಲ ಪಾತ್ರೆಯಲ್ಲಿ ನೀರು ಹಾಕಿ ಗಾಳಿಸಿಯೇ ತೆಗೆಯಬೇಕು. ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆದು, ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಪೂರ್ತಿ ಬಸಿದು, ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ತೂಗುಹಾಕಿ. ಬಸಿಯದೆ ಕಟ್ಟಿದರೆ ಗಂಟಿನ ಒಳಗೆ ನೀರು ನಿಂತು ಹುಳಿ ವಾಸನೆ ಬರುತ್ತದೆ. ಬಟ್ಟೆ ಒಣಗಿದರೆ ಮೊಳಕೆ ಅರ್ಧಕ್ಕೆ ನಿಲ್ಲುತ್ತದೆ, ಹಾಗಾಗಿ ಆಗಾಗ ನೀರು ಚಿಮುಕಿಸಿ. ಏಪ್ರಿಲ್ ಬಿಸಿಲಲ್ಲಿ ಒಂದು ದಿನದೊಳಗೆ ಮೊಳಕೆ ಬಂದುಬಿಡುತ್ತದೆ, ಡಿಸೆಂಬರ್ ಚಳಿಗೆ ಎರಡು ದಿನ ಹಿಡಿಯಬಹುದು. ಕಾಳಿನ ಬದಿಯಲ್ಲಿ ಬಿಳಿ ಮೊನೆ ಮೂಡಿ, ಕಾಳಿನ ಎರಡರಷ್ಟು ಉದ್ದವಾದರೆ ಸಾಕು. ಬಾಲ ಉದ್ದ ಬಿಟ್ಟರೆ ಹಿಟ್ಟಿಗೆ ಕಹಿ ಬರುತ್ತದೆ. ಗಂಟು ಬಿಚ್ಚಿದಾಗ ಕಾಳು ಲೋಳೆಯಾಗಿದ್ದರೆ, ಬೂಷ್ಟಿನ ಎಳೆ ಕಂಡರೆ, ತೊಳೆದು ಬಳಸಲು ಹೋಗಬೇಡಿ. ಪೂರ್ತಿ ಎಸೆಯಿರಿ.

ಮೊಳಕೆಯನ್ನು ತೆಳುವಾಗಿ ಹರವಿ, ಮೇಲೆ ತೆಳು ಬಟ್ಟೆ ಹೊದಿಸಿ ಒಣಗಿಸಿ. ಹಲ್ಲಿಗಿಟ್ಟು ಕಡಿದರೆ ಕಟ್ ಎನ್ನಬೇಕು. ಅಂಗೈಯಲ್ಲಿ ಉಜ್ಜಿ ಮೊರದಲ್ಲಿ ಕೇರಿದರೆ ಬಾಲಗಳು ಉದುರಿಹೋಗುತ್ತವೆ. ಆಮೇಲೆ ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿಯಿರಿ. ಮೊಳೆತ ಕಾಳಿನಲ್ಲಿ ಪಿಷ್ಟವನ್ನು ಕರಗಿಸುವ ಒಂದು ಕಿಣ್ವ ಹುಟ್ಟಿರುತ್ತದೆ. ಅದರಿಂದಲೇ ಮೊಳಕೆ ಹಿಟ್ಟಿನ ಸರಿ ಬೇಯುವಾಗ ಅಂಟುಗಟ್ಟದೆ ಸಡಿಲವಾಗುತ್ತದೆ, ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ, ಕೂಸಿಗೂ ನುಂಗಲು ಸಲೀಸು. ಕಪ್ಪಗಾಗುವಂತೆ ಹುರಿದರೆ ಆ ಕಿಣ್ವ ಸಾಯುತ್ತದೆ. ಎರಡು ದಿನದ ಮೊಳಕೆಯ ಕಷ್ಟ ದಂಡವಾಗುವುದು ಈ ಬಾಣಲೆಯಲ್ಲೇ. ಬೇಳೆಯನ್ನು ತೊಳೆದು ಒಣಗಿಸಿ ಬೇರೆಯಾಗಿ ಹುರಿಯಿರಿ, ಅದಕ್ಕೆ ಬೇಕಾದ ಉರಿ ಬೇರೆ.

ಗಿರಣಿಯಲ್ಲಿ ಅಕ್ಕಿ ಬೀಸಿದ ಮೇಲೆ ನಿಮ್ಮದು ಹಾಕಿಸಿ, ಮೊದಲ ಒಂದೆರಡು ಹಿಡಿ ಹಿಟ್ಟನ್ನು ಬೇರೆ ತೆಗೆದಿಡಿ. ಬಿಸಿ ಹಿಟ್ಟನ್ನು ಹಾಗೇ ಡಬ್ಬಿಗೆ ತುಂಬಿ ಮುಚ್ಚಬಾರದು. ಒಳಗೆ ಬೆವರಿ ಗಂಟುಕಟ್ಟುತ್ತದೆ, ಹುಳ ಬೀಳುತ್ತದೆ. ತಟ್ಟೆಯಲ್ಲಿ ಹರವಿ ಆರಿಸಿ ತುಂಬಿ. ತಿಂಗಳಿಗೆ ಆಗುವಷ್ಟೇ ಮಾಡಿಕೊಳ್ಳುವುದು ಮೇಲು. ಊಟ ಶುರು ಮಾಡಿದ ಮೊದಲ ಎರಡು ತಿಂಗಳು ತೆಳು ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡಿದರೆ ಸಾಕು. ಎಂಟು ತಿಂಗಳ ಮೇಲೆ ಸಾಧಾರಣ ಜರಡಿ ಸಾಕು, ಬಟ್ಟೆಯಲ್ಲಿ ಉಳಿಯುವ ಹೊಟ್ಟಿನಲ್ಲೂ ಸತ್ವ ಇದೆ.

ಬೇಯಿಸುವಾಗ 200 ಮಿಲಿಲೀಟರ್ ನೀರಿಗೆ ಎರಡು ದೊಡ್ಡ ಚಮಚ, ಮೊಳಕೆ ಹಿಟ್ಟಾದರೆ ಮೂರು. ತಣ್ಣೀರಿನಲ್ಲೇ ಕದಡಿ ಆಮೇಲೆ ಒಲೆಗೆ ಇಡಿ. ಕುದಿಯುವ ನೀರಿಗೆ ಒಣ ಹಿಟ್ಟು ಸುರಿದರೆ ಹೊರಗೆ ಬೆಂದು ಒಳಗೆ ಹಸಿ ಉಳಿದ ಗಂಟಾಗುತ್ತದೆ. ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ತಿರುವುತ್ತಲೇ ಇರಿ. ಬಣ್ಣ ಗಾಢವಾಗಿ ಹೊಳಪು ಬಂದು, ಬೆರಳಿಗೆ ಹಸಿ ಹಿಟ್ಟಿನ ನುಣುಪು ತಾಗದಿದ್ದರೆ ಬೆಂದಿದೆ. ಇಳಿಸಿ ತುಪ್ಪ ಹಾಕಿ. ಬಾಳೆಹಣ್ಣು ಕಿವುಚಿದರೆ ಸಿಹಿಗೆ ಬೇರೇನೂ ಬೇಡ. ಉಪ್ಪು ವರ್ಷದವರೆಗೆ ಬೇಡ, ಸಕ್ಕರೆ ಎರಡು ವರ್ಷದವರೆಗೆ ಬೇಡ, ಬೆಲ್ಲಕ್ಕೂ ಅದೇ ಮಾತು. ಅಂಗನವಾಡಿಯಿಂದ ಬರುವ ಪುಷ್ಟಿ ಪುಡಿಯನ್ನೂ ಇದೇ ಗಟ್ಟಿಗೆ ಬೇಯಿಸಿ. ಅದು ಕೂಸಿನ ಪಾಲು, ಮನೆಮಂದಿಯೆಲ್ಲ ಉಂಡೆ ಕಟ್ಟಿ ತಿಂದರೆ ತಿಂಗಳ ಕೊನೆಗೆ ಅದಕ್ಕೇ ಇರುವುದಿಲ್ಲ. ಉಳಿದ ಸರಿಯನ್ನು ಮಧ್ಯಾಹ್ನಕ್ಕೆ ಅಂತ ಇಡಬೇಡಿ. ಎರಡು ತಾಸಿನ ಮೇಲೆ ಹೊರಗಿಟ್ಟ ಸರಿ ಬೇಸಿಗೆಯಲ್ಲಿ ನಂಬಿಕೆಗೆ ಯೋಗ್ಯವಲ್ಲ.

ರಾಗಿಯೊಂದನ್ನೇ ನೆಚ್ಚಿಕೊಂಡರೆ ಕಬ್ಬಿಣದಂಶಕ್ಕೆ ಕೊರತೆ ಬೀಳುತ್ತದೆ. ರಾಗಿಯಲ್ಲಿ ಕಬ್ಬಿಣ ಇದ್ದರೂ ಅದನ್ನು ಹಿಡಿದಿಡುವ ಅಂಶಗಳೂ ಅದರಲ್ಲೇ ಇವೆ. ಮೊಳಕೆ ಬರಿಸಿದರೆ ಸ್ವಲ್ಪ ಬಿಡುತ್ತದೆ, ಊಟದ ಜೊತೆ ನಿಂಬೆರಸ, ಟೊಮೆಟೊ, ಸೀಬೆಹಣ್ಣಿನ ತಿರುಳು ಇದ್ದರೆ ಇನ್ನಷ್ಟು ಮೈಗೆ ಹತ್ತುತ್ತದೆ. ಮೊಟ್ಟೆ, ಮಾಂಸ ತಿನ್ನುವ ಮನೆಯವರು ಆರು ತಿಂಗಳ ನಂತರ ಚೆನ್ನಾಗಿ ಬೇಯಿಸಿ, ನುಣ್ಣಗೆ ಮಾಡಿ ಧಾರಾಳವಾಗಿ ಕೊಡಬಹುದು. ತಿನ್ನದ ಮನೆಯಲ್ಲಿ ಬೇಳೆ, ಸೊಪ್ಪು, ಮೊಸರು ದಿನಾ ಬೇಕು. ಬೇಳೆ ಅಂದಾಗ ಒಂದು ಮಾತು. ನಮ್ಮ ಕಡೆ ಬೇಳೆ ಬೇಯಿಸಿ ಬಸಿದ ಕಟ್ಟನ್ನೇ ಕೂಸಿಗೆ ಕೊಡುತ್ತಾರೆ, ಸತ್ವವೆಲ್ಲ ಅದರಲ್ಲಿ ಇಳಿದಿರುತ್ತದೆ ಅಂತ. ಇಳಿದಿರುವುದು ರುಚಿ. ಬೇಳೆ ತಳದಲ್ಲಿದೆ. ಸೌಟನ್ನು ತಳಕ್ಕೆ ಇಳಿಸಿ ಎರಡು ದೊಡ್ಡ ಚಮಚ ಬೇಳೆ ತೆಗೆದು, ಅಷ್ಟೇ ಮೆತ್ತಗಿನ ಅನ್ನದ ಜೊತೆ ಬೆರಳಲ್ಲಿ ಕಿವುಚಿ, ತುಪ್ಪ ಹಾಕಿ ತಿನ್ನಿಸಿ. ಮಿಕ್ಸಿಗೆ ಹಾಕಿ ನೀರು ಮಾಡುವ ಅಭ್ಯಾಸ ಎಂಟು ತಿಂಗಳಾಚೆ ಮುಂದುವರಿದರೆ ಮಗು ಅಗಿಯುವುದನ್ನು ಕಲಿಯುವುದು ತಡವಾಗುತ್ತದೆ. ಎರಡು ವರ್ಷಕ್ಕೂ ಅನ್ನದ ಅಗಳು ಸಿಕ್ಕರೆ ವಾಂತಿ ಮಾಡುವ ಮಕ್ಕಳಿರುತ್ತವೆ.

ಜೋಳದ ರೊಟ್ಟಿ ಹತ್ತು ತಿಂಗಳಿಗೆ ಶುರು ಮಾಡಬಹುದು. ಜೋಳಕ್ಕೆ ಗೋಧಿಯ ಜಿಗುಟಿಲ್ಲ, ಆರಿದ ರೊಟ್ಟಿ ಬಿರುಸಾಗಿ ಚೂಪು ಅಂಚು ಬಿಡುತ್ತದೆ. ಹೆಂಚಿನಿಂದ ಇಳಿಸಿದ್ದೇ ಅಂಚು, ಸೀದ ಜಾಗ ತೆಗೆದು, ನಡುವಿನ ಮೆತ್ತನೆ ಭಾಗವನ್ನು ಚೂರು ಮಾಡಿ ಬಿಸಿ ಬೇಳೆಸಾರಿನಲ್ಲಿ ಹತ್ತು ನಿಮಿಷ ಮುಚ್ಚಿಡಿ. ಬೆರಳಿಗೆ ಒತ್ತಿದರೆ ಕರಗಬೇಕು. ಸಾರಿಗೆ ಉಪ್ಪು, ಖಾರ ಹಾಕುವ ಮೊದಲೇ ಮಗುವಿನ ಪಾಲು ಬೇರೆ ತೆಗೆದಿಟ್ಟರೆ ಎರಡೆರಡು ಅಡುಗೆಯ ತಾಪತ್ರಯವಿಲ್ಲ. ಅದರ ಮೇಲೆ ಖಾರವಿಲ್ಲದ ಶೇಂಗಾ ಪುಡಿ ಒಂದು ಚಮಚ ಉದುರಿಸಿದರೆ ಕೊಬ್ಬೂ ಬಂತು, ಪ್ರೋಟೀನೂ ಬಂತು. ಶೇಂಗಾ ಹುರಿಯುವ ಮೊದಲು ಕಾಳು ಆರಿಸುವುದು ತಪ್ಪಿಸಬೇಡಿ. ಸುಕ್ಕುಗಟ್ಟಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದು ಬೇರೆ ಹಾಕಿ. ಆ ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ಮನೆಯ ಬಾಣಲೆಯ ಶಾಖಕ್ಕೆ ಪೂರ್ತಿ ಹೋಗುವುದಿಲ್ಲ. ಮೊದಲ ಸಲ ಕಾಲು ಚಮಚ ಮಾತ್ರ ಕೊಟ್ಟು, ಎರಡು ತಾಸು ಮೈಮೇಲೆ ದದ್ದು, ತುಟಿ ಊತ, ವಾಂತಿ ಏನಾದರೂ ಇದೆಯಾ ನೋಡಿ. ಹಾಗಾಗಿ ಹೊಸ ತಿನಿಸನ್ನು ರಾತ್ರಿ ಹೊತ್ತು ಶುರು ಮಾಡಬೇಡಿ.

ಹಿರಿಯೂರು, ಚಳ್ಳಕೆರೆ ಕಡೆ ಮುದ್ದೆಯೇ ಊಟ. ದೊಡ್ಡವರು ಮುದ್ದೆ ನುಂಗುತ್ತಾರೆ, ಅಗಿಯುವುದಿಲ್ಲ. ಮಗುವಿಗೆ ಆ ಪಾಠ ಬೇಗ ಬೇಡ. ಅಂಟಿನ ಉಂಡೆ ಸಣ್ಣ ಗಂಟಲಲ್ಲಿ ಕೂರುತ್ತದೆ. ಎರಡು ವರ್ಷದವರೆಗೆ ಮುದ್ದೆಯನ್ನು ಬಸ್ಸಾರಿನ ಕಾಳು, ಸೊಪ್ಪಿನ ಜೊತೆ ಬಟ್ಟಲಲ್ಲೇ ಕಿವುಚಿ ಕೊಡಿ.

ಬೆಣ್ಣೆ ದೋಸೆಗೆ ಮಗು ಕೈ ಚಾಚಿದರೆ ನಡುವಿನ ಬಿಳಿ ಮೆತ್ತನೆ ಭಾಗ ಕೊಡಬಹುದು, ಗರಿಗರಿ ಅಂಚು ಮತ್ತು ಚಟ್ನಿ ಬೇಡ.

ಮಂಡಕ್ಕಿಯ ವಿಷಯಕ್ಕೆ ಇಷ್ಟು ಬೇಗ ಮುಗಿಸಲಾಗದು. ದಾವಣಗೆರೆಯಲ್ಲಿ ಸಂಜೆ ಅಂದರೆ ಮಂಡಕ್ಕಿ, ಮಿರ್ಚಿ. ಎಲ್ಲರೂ ಪೇಪರ್ ಹರವಿಕೊಂಡು ಕೂತಾಗ ಮಗುವಿನ ಕೈಗೂ ಒಂದು ಹಿಡಿ ಬೀಳುತ್ತದೆ, ಅದನ್ನು ಬಾಯಿಗೆ ತುಂಬಿಕೊಂಡು ಓಡುತ್ತದೆ, ಓಡುತ್ತಾ ನಗುತ್ತದೆ. ನಗುವಾಗ ಉಸಿರು ಒಳಗೆಳೆದರೆ ಹಗುರ ಮಂಡಕ್ಕಿ ನೇರ ಶ್ವಾಸನಾಳಕ್ಕೆ ಹೋಗಬಹುದು. ಅದರೊಳಗಿನ ಶೇಂಗಾ, ಪುಠಾಣಿ (ಹುರಿಗಡಲೆ) ಇನ್ನೂ ಅಪಾಯ. ಇಡೀ ಶೇಂಗಾ, ಕಡಲೆ, ಪುಠಾಣಿಯನ್ನು ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಲೇಬಾರದು. ಈ ವಯಸ್ಸಿನಲ್ಲಿ ಕಾಳು ಅರೆಯುವ ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ, ಬಂದರೂ ಅಗಿಯುವ ತಾಳ್ಮೆ ಇರುವುದಿಲ್ಲ. ಮಂಡಕ್ಕಿ ಕೊಡಲೇಬೇಕು ಅಂದರೆ ಸುಸಲ ಮಾಡಿ. ಮಂಡಕ್ಕಿಯನ್ನು ನೀರಲ್ಲಿ ಮುಳುಗಿಸಿ, ಜಾಲಾಡಿ, ಹಿಂಡಿ. ಭಟ್ಟಿಯಲ್ಲಿ ಮರಳಲ್ಲಿ ಹುರಿದು ಅರಳಿಸುವುದರಿಂದ ತಳದಲ್ಲಿ ಮರಳು ಕೂತಿರುತ್ತದೆ, ಎರಡನೇ ನೀರು ಬೇಕು. ಉಪ್ಪೂ ಸ್ವಲ್ಪ ಹೋಗುತ್ತದೆ, ಮಂಡಕ್ಕಿ ಅಕ್ಕಿಗೆ ಮೊದಲೇ ಉಪ್ಪು ಹಿಡಿಸಿರುತ್ತಾರೆ. ಮೆತ್ತಗಾದದ್ದಕ್ಕೆ ನುಣ್ಣನೆ ಪುಠಾಣಿ ಹಿಟ್ಟು, ಚಿಟಿಕೆ ಅರಿಶಿನ, ನಿಂಬೆರಸ, ತುಪ್ಪ. ಒಗ್ಗರಣೆಯ ಕಾಳು, ಮೆಣಸಿನಕಾಯಿ ಬೇಡ. ಕೂರಿಸಿ ತಿನ್ನಿಸಿ.

ಗಂಟಲಿಗೆ ಸಿಕ್ಕಿಕೊಂಡಾಗ ಏನು ಮಾಡಬೇಕು ಅನ್ನುವುದು ಮನೆಯಲ್ಲಿರುವ ಎಲ್ಲರಿಗೂ ಗೊತ್ತಿರಬೇಕು, ಅಜ್ಜ ಅಜ್ಜಿಗೂ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿ ಬರುತ್ತಿಲ್ಲ, ತುಟಿ ನೀಲಿಯಾಗುತ್ತಿದೆ ಅಂದರೆ ಕಾಯಬೇಡಿ. ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರಲಿ, ಬೆನ್ನಿನ ಮೇಲ್ಭಾಗದ ಎರಡು ರೆಕ್ಕೆಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಗುದ್ದು. ಹೋಗದಿದ್ದರೆ ಅಂಗಾತ ತಿರುಗಿಸಿ ಮೊಲೆತೊಟ್ಟುಗಳ ಸಾಲಿನ ಕೆಳಗೆ ಎದೆಯ ನಡುವೆ ಎರಡು ಬೆರಳಲ್ಲಿ ಐದು ಸಲ ಒತ್ತಿ. ಹೊರಬರುವವರೆಗೆ ಒಂದರ ಹಿಂದೆ ಒಂದು. ವರ್ಷ ದಾಟಿದ ಮಗುವಿಗೆ ಬೆನ್ನಿನ ಗುದ್ದಿನ ನಂತರ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲಕ್ಕೆ ಮುಷ್ಟಿ ಇಟ್ಟು ಒಳಗೂ ಮೇಲಕ್ಕೂ ಐದು ಸಲ ಎಳೆಯಬೇಕು. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಕರೆ ಮಾಡಲಿ. ವಸ್ತು ಕಣ್ಣಿಗೆ ಕಾಣದಿದ್ದರೆ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ತಳ್ಳಿದಂತಾಗುತ್ತದೆ. ಶೇಂಗಾ ತಿನ್ನುವಾಗ ಒಮ್ಮೆ ಜೋರಾಗಿ ಕೆಮ್ಮಿ ಸುಮ್ಮನಾದ ಮಗುವಿಗೆ ಮುಂದಿನ ದಿನಗಳಲ್ಲಿ ಉಬ್ಬಸ, ಬಿಡದ ಕೆಮ್ಮು ಬಂದರೆ ಡಾಕ್ಟರ ಬಳಿ ಆ ಸಂಗತಿ ಮರೆಯದೆ ಹೇಳಿ. ಶೇಂಗಾ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ನೀರಿನದು ಎರಡು ಜಿಲ್ಲೆಗೂ ಬೇರೆ ಬೇರೆ ಕಥೆ. ದಾವಣಗೆರೆ ನಗರದಲ್ಲಿ ನಲ್ಲಿಗೆ ಹೊಳೆ, ನಾಲೆಯ ನೀರು ಬರುತ್ತದೆ, ಬೇಸಿಗೆಯಲ್ಲಿ ದಿನಗಟ್ಟಲೆ ಬಿಟ್ಟು ಬರುತ್ತದೆ. ತುಂಬಿಟ್ಟ ನೀರಲ್ಲಿ ಕ್ರಿಮಿ ಬೆಳೆಯುವುದೇ ಇಲ್ಲಿನ ಚಿಂತೆ. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ, ಅದೇ ಪಾತ್ರೆಯಲ್ಲಿ ಆರಿಸಿ. ಚಿತ್ರದುರ್ಗ ಜಿಲ್ಲೆಯ ಅನೇಕ ಊರುಗಳ ಕೊಳವೆಬಾವಿಯಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಹೆಚ್ಚುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನದಂಡ. ಊರಿನ ಕೊಳವೆಬಾವಿಯ ಪರೀಕ್ಷೆಯ ವರದಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಹುಟ್ಟಿನಿಂದ ಎಂಟು ವರ್ಷದವರೆಗೆ ಶಾಶ್ವತ ಹಲ್ಲುಗಳ ಹೊದಿಕೆ ವಸಡಿನ ಒಳಗೇ ಕಟ್ಟಿಕೊಳ್ಳುತ್ತಿರುತ್ತದೆ. ಈಗ ಕುಡಿದ ಫ್ಲೋರೈಡ್ ಮುಂದೆ ಆ ಹಲ್ಲು ಹುಟ್ಟಿದಾಗ ಕಂದು ಕಲೆಯಾಗಿ ಕಾಣುತ್ತದೆ. ಹಾಗಾಗಿ ಮಗುವಿನ ಕುಡಿಯುವ ನೀರು, ಸರಿ ಬೇಯಿಸುವ ನೀರು ಎರಡೂ ಶುದ್ಧ ನೀರಿನ ಘಟಕದ್ದೇ ಇರಲಿ. ಅನ್ನ ಬೇಯಿಸುವ ನೀರೂ ಲೆಕ್ಕಕ್ಕೆ ಬರುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಆ ನೀರಲ್ಲಿ ಕ್ಲೋರಿನ್ ಉಳಿದಿರುವುದಿಲ್ಲವಾದ್ದರಿಂದ ಕ್ಯಾನಿನ ಒಳಗೋಡೆ ಲೋಳೆ ಕಟ್ಟದಂತೆ ವಾರಕ್ಕೊಮ್ಮೆ ಉಜ್ಜಿ ತೊಳೆಯಬೇಕು, ವರ್ಷದೊಳಗಿನ ಕೂಸಿಗೆ ಅದನ್ನೂ ಕುದಿಸಬೇಕು. ಆರು ತಿಂಗಳೊಳಗಿನ ಕೂಸಿಗೆ ಎಂಥ ಬೇಸಿಗೆಯಲ್ಲೂ ನೀರು ಬೇಡ, ಎದೆಹಾಲಿನಲ್ಲಿ ನೀರೇ ಹೆಚ್ಚು. ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸುವುದನ್ನು ಹಿರಿಯರಿಗೆ ಗೌರವದಿಂದಲೇ ಬೇಡ ಅನ್ನಿ. ವರ್ಷದೊಳಗೆ ಜೇನು ಬಾಟ್ಯುಲಿಸಂ ತರಬಲ್ಲದು, ಅದು ಉಸಿರಾಟದ ಸ್ನಾಯುಗಳನ್ನೇ ಸೋಲಿಸುತ್ತದೆ.

ವರ್ಷ ತುಂಬಿದ ಮೇಲೆ ಊಟ ಕಡಿಮೆಯಾಯಿತು ಅಂತ ಮನೆಯಲ್ಲಿ ಗಾಬರಿ ಶುರುವಾಗುತ್ತದೆ. ಮೂರು ಕೆಜಿ ಹುಟ್ಟಿದ ಕೂಸು ಮೊದಲ ವರ್ಷದಲ್ಲಿ ಒಂಬತ್ತಾಗುತ್ತದೆ. ಎರಡನೇ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕೆಜಿ ಅಷ್ಟೇ. ಹಸಿವು ಅದಕ್ಕೆ ತಕ್ಕಂತೆ ಇಳಿದಿರುತ್ತದೆ. ಆಗ ಮೊಬೈಲ್ ತೋರಿಸಿ ತುರುಕಿದರೆ ಹೊಟ್ಟೆ ತುಂಬಿದ್ದು ಮಗುವಿಗೇ ಗೊತ್ತಾಗದೆ ಹೋಗುತ್ತದೆ. ದಿನಕ್ಕೆ ಮೂರು ನಾಲ್ಕು ಊಟ, ಒಂದೆರಡು ತಿಂಡಿ, ಒಂದು ಊಟಕ್ಕೆ 250 ಮಿಲಿಲೀಟರ್ ಬಟ್ಟಲಿನ ಮುಕ್ಕಾಲರಿಂದ ಪೂರ್ತಿ. ಅರ್ಧ ತಾಸಿಗೆ ತಟ್ಟೆ ಎತ್ತಿಬಿಡಿ. ಇವತ್ತು ಉಗಿದ ಪಲ್ಯವನ್ನು ಎರಡು ದಿನ ಬಿಟ್ಟು ಮತ್ತೆ ಇಡಿ, ಹತ್ತನೇ ಸಲಕ್ಕೆ ಒಪ್ಪುವ ಮಕ್ಕಳೂ ಇವೆ. ಹಸಿವು ಕೊಲ್ಲುವ ಎರಡು ಅಭ್ಯಾಸಗಳನ್ನು ಮಾತ್ರ ಗಟ್ಟಿಯಾಗಿ ತಡೆಯಿರಿ. ಒಂದು ಬೆಳಗಿನ ಚಹಾ-ಬಿಸ್ಕತ್ತು, ಚಹಾದ ಒಗರು ಕಬ್ಬಿಣವನ್ನೂ ಹಿಡಿದುಬಿಡುತ್ತದೆ. ಇನ್ನೊಂದು ಲೀಟರುಗಟ್ಟಲೆ ಹಾಲು. ವರ್ಷದ ನಂತರ ಅರ್ಧ ಲೀಟರಿನೊಳಗೆ ಸಾಕು, ನೀರು ಬೆರೆಸದೆ, ಲೋಟದಲ್ಲಿ.

ತೂಕ ಸರಿಯಿದೆಯೋ ಇಲ್ಲವೋ ಅಂತ ಕಣ್ಣಳತೆಯಲ್ಲಿ, ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿ ತೀರ್ಮಾನಿಸಬೇಡಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಗಿಸಿ ತಾಯಿ ಕಾರ್ಡಿನ ನಕ್ಷೆಯಲ್ಲಿ ಚುಕ್ಕಿ ಹಾಕಿಸಿ. ಬಟ್ಟೆ, ಡೈಪರ್ ತೆಗೆದು ತೂಗಬೇಕು, ಒದ್ದೆ ಡೈಪರ್ ಒಂದೇ ಕಾಲು ಕೆಜಿ ಇರಬಹುದು. ಒಂದು ಚುಕ್ಕಿಗಿಂತ ಗೆರೆ ಎತ್ತ ಹೋಗುತ್ತಿದೆ ಎಂಬುದು ಮುಖ್ಯ. ಎರಡು ತಿಂಗಳು ಗೆರೆ ಅಡ್ಡ ಮಲಗಿದರೆ ಬಟ್ಟಲಿನ ಗಟ್ಟಿ ನೋಡಿ, ಸರಿಯಾಗಿದ್ದರೆ ಡಾಕ್ಟರಿಗೆ ತೋರಿಸಿ. ಆರು ತಿಂಗಳಿಂದ ಐದು ವರ್ಷದವರೆಗೆ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ಪು ವಾರಕ್ಕೆ ಎರಡು ದಿನ, ಒಂದೊಂದು ಮಿಲಿಲೀಟರ್. ಊಟದ ನಂತರ ನಾಲಿಗೆಯ ಹಿಂಭಾಗಕ್ಕೆ ಬಿಟ್ಟು ನೀರು ಕುಡಿಸಿದರೆ ಹಲ್ಲು ಕಪ್ಪಾಗುವುದಿಲ್ಲ. ಹಾಲಿನ ಜೊತೆ ಕೊಡಬೇಡಿ. ಮಲ ಕಪ್ಪಗಾಗುವುದು ಸಹಜ, ಅದಕ್ಕೆ ಹೆದರಿ ಸಿರಪ್ಪು ನಿಲ್ಲಿಸುವುದು ಬೇಡ. ಜ್ವರ, ಭೇದಿಯಂಥ ಕಾಯಿಲೆ ಬಂದಾಗ ನಿಲ್ಲಿಸಿ, ವಾಸಿಯಾದ ಮೇಲೆ ಮತ್ತೆ ಶುರು ಮಾಡಿ.

ಭೇದಿಯಾದಾಗ ಊಟ ಕಟ್ಟಬೇಡಿ. ಎದೆಹಾಲು, ಮೊಸರನ್ನ, ಬಾಳೆಹಣ್ಣು ನಡೆಯಲಿ. ಒಂದು ಲೀಟರಿನ ಓಆರ್‌ಎಸ್ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೇ ಕಲಸಿ. ಅರ್ಧ ಪ್ಯಾಕೆಟ್, ಒಂದು ಲೋಟ ಅಂತ ಅಂದಾಜಿಗೆ ಕಲಸಿದರೆ ಉಪ್ಪು ಹೆಚ್ಚಾಗಿ ಅಪಾಯ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್, ಚಮಚ ಚಮಚವಾಗಿ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಶುರು ಮಾಡಿ. ಕಲಸಿದ್ದು 24 ತಾಸಿಗೆ ಚೆಲ್ಲಿ. ಆರು ತಿಂಗಳ ಮೇಲಿನವರಿಗೆ ಜಿಂಕ್ 20 ಮಿಲಿಗ್ರಾಂ ದಿನಕ್ಕೊಂದು, ಭೇದಿ ನಿಂತರೂ 14 ದಿನ. ಕಣ್ಣು ಗುಳಿ ಬಿದ್ದು, ಕುಡಿಯಲಾರದೆ ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಹೋಗಿ. ಮಗು ಚೇತರಿಸಿಕೊಂಡ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಿಗೆ ಕೊಡಿ. ಹಸಿವು ಮರಳುವ ಆ ಹೊತ್ತಲ್ಲಿ ಅನ್ನಕ್ಕೆ ಇನ್ನೊಂದು ಚಮಚ ಬೇಳೆ, ಇನ್ನೊಂದು ಚಮಚ ತುಪ್ಪ ಬಿದ್ದರೆ ಇಳಿದ ತೂಕ ಬೇಗ ವಾಪಸು ಬರುತ್ತದೆ.